ಹಡಗಿನಲ್ಲಿ ಹೊಟ್ಟೆನೋವು ಬಂದರೆ

“ಸಮುದ್ರದ ಮಧ್ಯ ಹೊಟ್ಟೆನೋವು ಬಂದ್ರೆ ಎಂತ ಮಾಡ್ತಾರೆ ಅವ್ರು?”

ಶಿರಸಿಯಲ್ಲಿ ನನಗೆ ಪರಿಚಯವಿರುವ ತಾಯಿಯೊಬ್ಬರು ಕೇಳಿದ ಪ್ರಶ್ನೆ ಇದು. ಮಗ ಅಗ್ನಿವೀರನಾಗಿ ನೌಕಾಪಡೆ ಸೇರಿದ್ದಾನೆ. ಹಡಗು ಕಾರವಾರದ ನೆಲೆಯಲ್ಲಿದ್ದಾಗ ಅವರಿಗೆ ಚಿಂತೆಯಿಲ್ಲ. ಘಟ್ಟ ಇಳಿದರೆ ಮೂರು ತಾಸಿನ ದಾರಿ, ಬೇಕಾದರೆ ಅರ್ಗಾದಲ್ಲಿರುವ ನೆಲೆಯ ಗೇಟಿನ ಹೊರಗೆ ಹೋಗಿ ನಿಲ್ಲಬಹುದು. ಹಡಗು ಹೊರಟಿತೆಂದರೆ ಮಾತ್ರ ಫೋನಿಲ್ಲ, ಎಲ್ಲಿದ್ದಾನೆಂಬ ಸುದ್ದಿಯಿಲ್ಲ. ಯುದ್ಧ, ಕ್ಷಿಪಣಿ ಎಂಬ ಮಾತುಗಳು ಅವರನ್ನು ಅಷ್ಟಾಗಿ ಹೆದರಿಸುವುದಿಲ್ಲ. ಹೆದರಿಸುವುದು ಹೊಟ್ಟೆನೋವು, ಜ್ವರ, ಜಾರಿಬಿದ್ದು ಕಾಲು ಮುರಿಯುವುದು. ಅವರ ಭಯ ಸರಿಯಾದ ಜಾಗದಲ್ಲೇ ಇದೆ. ಸೈನ್ಯದ ವೈದ್ಯಕೀಯ ಅರ್ಧಕ್ಕಿಂತ ಹೆಚ್ಚು ಬೆವರು ಸುರಿಸುವುದು ಇಂಥ ಸಾಧಾರಣ ಸಂಗತಿಗಳ ಮೇಲೆಯೇ.

ಆದ್ದರಿಂದ ಹೊಟ್ಟೆನೋವಿನಿಂದಲೇ ಶುರು ಮಾಡುತ್ತೇನೆ.

ಹೊಕ್ಕುಳ ಸುತ್ತ ಶುರುವಾದ ನೋವು ಕೆಲವು ತಾಸಿನಲ್ಲಿ ಬಲಗಡೆ ಕೆಳಹೊಟ್ಟೆಗೆ ಇಳಿದು ಅಲ್ಲೇ ನಿಂತರೆ ವೈದ್ಯರಿಗೆ ಮೊದಲು ಬರುವ ಅನುಮಾನ ಅಪೆಂಡಿಕ್ಸ್. ಊರಲ್ಲಾದರೆ ಸ್ಕ್ಯಾನ್, ಆಪರೇಷನ್, ಮೂರು ದಿನದಲ್ಲಿ ಮನೆ. ತಡವಾಗಿ ಅಪೆಂಡಿಕ್ಸ್ ಒಡೆದರೆ ಕೀವು ಹೊಟ್ಟೆಯೆಲ್ಲ ಹರಡುತ್ತದೆ, ಆಗ ಜೀವಕ್ಕೇ ಅಪಾಯ. ಈಗ ಹಡಗು ದಡದಿಂದ 600 ನಾಟಿಕಲ್ ಮೈಲಿ ದೂರದಲ್ಲಿದೆ ಎಂದುಕೊಳ್ಳಿ, ಅಂದರೆ ಸುಮಾರು 1,100 ಕಿಲೋಮೀಟರ್. ಗಂಟೆಗೆ 25 ನಾಟಿಕಲ್ ಮೈಲಿ ವೇಗದಲ್ಲಿ ಎಲ್ಲೂ ನಿಲ್ಲದೆ ಓಡಿದರೂ ಬಂದರು ಮುಟ್ಟಲು ಪೂರ್ತಿ ಒಂದು ದಿನ ಬೇಕು. ಹೆಲಿಕಾಪ್ಟರಿಗೂ ಹಾರಾಟದ ಮಿತಿ ಇದೆ. ಕಾಯಿಲೆಗೆ ಔಷಧ ಕಂಡುಹಿಡಿಯುವುದು ಒಂದು ಕೆಲಸವಾದರೆ, ರೋಗಿಗೂ ಔಷಧಕ್ಕೂ ನಡುವಿನ ದೂರವನ್ನು ಕಡಿಮೆ ಮಾಡುವುದು ಇನ್ನೊಂದು. ಸೇನಾ ವೈದ್ಯಕೀಯವೆಂದರೆ ಬಹುಪಾಲು ಈ ಎರಡನೆಯ ಕೆಲಸ.

ದೂರ ಏನೆಂಬುದು ಉತ್ತರ ಕನ್ನಡದವರಿಗೆ ಹೇಳಿಕೊಡಬೇಕಾಗಿಲ್ಲ. ತಲೆಗೆ ಪೆಟ್ಟಾದವರನ್ನೋ ಹೃದಯಾಘಾತವಾದವರನ್ನೋ ಕಾರವಾರದಿಂದ ಗೋವಾಕ್ಕೆ, ಶಿರಸಿಯಿಂದ ಹುಬ್ಬಳ್ಳಿಗೆ, ಕುಮಟಾ–ಹೊನ್ನಾವರದಿಂದ ಮಣಿಪಾಲ–ಮಂಗಳೂರಿಗೆ ಒಯ್ಯುವ ದಾರಿಯಲ್ಲಿ ನಾವು ಎಷ್ಟೋ ಜನರನ್ನು ಕಳೆದುಕೊಂಡಿದ್ದೇವೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ತೀರಿಕೊಂಡಾಗ ಇಡೀ ಜಿಲ್ಲೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ದನಿ ಎತ್ತಿತು. ಹಡಗಿನಲ್ಲಿರುವ ಹುಡುಗನ ಸ್ಥಿತಿ ನಮ್ಮದಕ್ಕಿಂತ ತೀರಾ ಬೇರೆಯಲ್ಲ. ಅವನ ಸುತ್ತ ರಸ್ತೆಯ ಬದಲು ನೀರಿದೆ ಅಷ್ಟೆ.

ಹಡಗು ಚಿಕ್ಕದಾದರೆ ಅದರಲ್ಲಿ ವೈದ್ಯರಿರುವುದಿಲ್ಲ, ಮೆಡಿಕಲ್ ಅಸಿಸ್ಟೆಂಟ್ ಇರುತ್ತಾರೆ. ಮಾತಿನಲ್ಲಿ ಬರೀ ‘ಎಂಎ’. ಮುಂಬೈ ಕೊಲಾಬಾದಲ್ಲಿರುವ ನೌಕಾಪಡೆಯ ದೊಡ್ಡ ಆಸ್ಪತ್ರೆ ಐಎನ್‌ಎಚ್‌ಎಸ್ ಅಶ್ವಿನಿಯಲ್ಲಿ ತರಬೇತಿ ಪಡೆದು ಬಂದವರು ಇವರು. ಗಾಯಕ್ಕೆ ಹೊಲಿಗೆ ಹಾಕುವುದು, ಡ್ರಿಪ್ ಏರಿಸುವುದು, ಮೂಳೆ ಮುರಿದರೆ ಪಟ್ಟಿ ಕಟ್ಟುವುದು, ರೋಗಿಯ ನಾಡಿ, ಬಿಪಿ, ಉಸಿರು ಎಲ್ಲವನ್ನೂ ತಾಸುತಾಸಿಗೆ ಬರೆದಿಟ್ಟು ದಡದ ವೈದ್ಯರಿಗೆ ತಿಳಿಸುವುದು ಇವರ ಹೊಣೆ. ಫ್ರಿಗೇಟ್, ಡಿಸ್ಟ್ರಾಯರ್‌ನಂಥ ದೊಡ್ಡ ಯುದ್ಧನೌಕೆಗಳಲ್ಲಿ ಮೆಡಿಕಲ್ ಆಫೀಸರ್ ಇರುತ್ತಾರೆ, ‘ಸಿಕ್ ಬೇ’ ಎಂಬ ಸಣ್ಣ ದವಾಖಾನೆ ಇರುತ್ತದೆ. ವಿಮಾನವಾಹಕ ನೌಕೆಯದು ಬೇರೆಯೇ ಲೆಕ್ಕ. ಸುಮಾರು 1,600 ಜನ ವಾಸಿಸುವ ಐಎನ್‌ಎಸ್ ವಿಕ್ರಾಂತ್‌ನಲ್ಲಿ ಆಪರೇಷನ್ ಥಿಯೇಟರ್, ಐಸಿಯು, ಸಿಟಿ ಸ್ಕ್ಯಾನ್, ಲ್ಯಾಬ್, ಹಲ್ಲಿನ ವಿಭಾಗ, ಪ್ರತ್ಯೇಕ ವಾರ್ಡ್ ಎಲ್ಲವೂ ಇವೆ. ನಮ್ಮ ಎಷ್ಟೋ ತಾಲೂಕು ಕೇಂದ್ರಗಳಲ್ಲಿ ಇಲ್ಲದ ಸೌಲಭ್ಯ ಅಲ್ಲಿ ತೇಲುತ್ತಿದೆ.

ಶಸ್ತ್ರವೈದ್ಯರೇ ಇಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ ಹಳೆಯ ಕತೆಯೊಂದಿದೆ. 1942ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ‘ಸೀಡ್ರ್ಯಾಗನ್’ ಎಂಬ ಜಲಾಂತರ್ಗಾಮಿ ಶತ್ರುವಿನ ನೀರಿನಲ್ಲಿತ್ತು. ನಾವಿಕನೊಬ್ಬನಿಗೆ ಅಪೆಂಡಿಕ್ಸ್ ಕೆರಳಿತು. ಇದ್ದದ್ದು ವೀಲರ್ ಲೈಪ್ಸ್ ಎಂಬ ವೈದ್ಯಕೀಯ ಸಹಾಯಕ ಮಾತ್ರ, ಅಂಥ ಆಪರೇಷನ್ ಅವನು ಮಾಡಿದವನಲ್ಲ. ಅಡುಗೆಮನೆಯ ಚಮಚಗಳನ್ನು ಬಗ್ಗಿಸಿ ಗಾಯ ಅಗಲಿಸಿ ಹಿಡಿಯುವ ಸಾಧನ ಮಾಡಿಕೊಂಡು, ಊಟದ ಮೇಜಿನ ಮೇಲೆ ಮಲಗಿಸಿ, ನೀರಿನಡಿಯಲ್ಲೇ ಆಪರೇಷನ್ ಮುಗಿಸಿದ. ನಾವಿಕ ಬದುಕಿದ, ಮತ್ತೆ ಕೆಲಸಕ್ಕೂ ಮರಳಿದ. ಕೇಳಲು ರೋಮಾಂಚನವಾಗುತ್ತದೆ. ಆದರೆ ಇಂದು ಯಾವ ನೌಕಾಪಡೆಯೂ ಇಂಥ ಸಾಹಸವನ್ನು ಬಯಸುವುದಿಲ್ಲ, ಬೇಕಾಗಿಯೂ ಇಲ್ಲ. ಆಗ ಇಲ್ಲದಿದ್ದ ಎರಡು ವಸ್ತುಗಳು ಈಗಿವೆ: ಒಳ್ಳೆಯ ಆಂಟಿಬಯಾಟಿಕ್ ಮತ್ತು ಉಪಗ್ರಹ ಸಂಪರ್ಕ. ಬಾಯಿಗೆ ಏನೂ ಕೊಡದೆ ಡ್ರಿಪ್ ಏರಿಸಿ, ಆಂಟಿಬಯಾಟಿಕ್ ಶುರು ಮಾಡಿ, ದಡದ ಸರ್ಜನ್ ಜೊತೆ ಮಾತಾಡುತ್ತ ಕೆರಳಿದ ಅಪೆಂಡಿಕ್ಸನ್ನು ಅನೇಕ ಸಲ ತಣ್ಣಗಿಡಬಹುದು. ಅಷ್ಟರಲ್ಲಿ ಹಡಗು ದಿಕ್ಕು ಬದಲಿಸಿರುತ್ತದೆ. ಹೆಲಿಕಾಪ್ಟರಿನ ವ್ಯಾಪ್ತಿಯೊಳಗೆ ಬಂದ ಕೂಡಲೇ ರೋಗಿಯನ್ನು ಎತ್ತಿ ಹತ್ತಿರದ ನೆಲೆಗೆ ತಲುಪಿಸುತ್ತಾರೆ. ಮೊದಲನೆಯದು ರೋಗಿಗೆ ಸಮಯ ಕೊಡುವ ಉಪಾಯ, ಎರಡನೆಯದು ದೂರವನ್ನು ಕತ್ತರಿಸುವ ಉಪಾಯ. ಆ ತಾಯಿಗೆ ನಾನು ಹೇಳಿದ ಮೊದಲ ಉತ್ತರ ಇಷ್ಟು.

ಹಡಗಿನಿಂದ ಆಸ್ಪತ್ರೆಯವರೆಗಿನ ಈ ಸರಪಳಿಗೆ ಕಾರವಾರದಲ್ಲಿ ದಡದ ಕೊಂಡಿ ಐಎನ್‌ಎಚ್‌ಎಸ್ ಪತಂಜಲಿ. 2005ರ ಮೇ 31ರಂದು ಐಎನ್‌ಎಸ್ ಕದಂಬ ನೆಲೆ ಕಾರ್ಯಾರಂಭ ಮಾಡಿತು. ನಮ್ಮ ಬನವಾಸಿಯ ಕದಂಬರ ಹೆಸರೇ ಅದು. ಆ ನೆಲೆಯ ಆಸ್ಪತ್ರೆ ಪತಂಜಲಿ. ಇಲ್ಲಿ ಆಗದ್ದು ಗೋವಾದ ಐಎನ್‌ಎಚ್‌ಎಸ್ ಜೀವಂತಿಗೋ ಮುಂಬೈನ ಅಶ್ವಿನಿಗೋ ಹೋಗುತ್ತದೆ.

ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರಕ್ಕೆ ಹೋದವರು ಐಎನ್‌ಎಸ್ ಚಪಲ್ ಯುದ್ಧನೌಕೆಯ ಮ್ಯೂಸಿಯಂ ನೋಡಿರುತ್ತೀರಿ. ಅಲ್ಲೇ ಮೇಜರ್ ರಾಮ ರಾಘೋಬಾ ರಾಣೆಯವರ ಪ್ರತಿಮೆಯೂ ಇದೆ. ಚೆಂಡಿಯಾದವರು, ಪರಮವೀರ ಚಕ್ರ ಪಡೆದವರು. 1948ರ ಏಪ್ರಿಲ್‌ನಲ್ಲಿ ನೌಶೇರಾದಿಂದ ರಾಜೌರಿಯ ದಾರಿಯಲ್ಲಿ ನೆಲಬಾಂಬುಗಳನ್ನು ತೆಗೆದು ಟ್ಯಾಂಕುಗಳಿಗೆ ಹಾದಿ ಮಾಡಿಕೊಟ್ಟರು ಎಂಬುದು ಎಲ್ಲರಿಗೂ ಗೊತ್ತು. ಹೆಚ್ಚಿನವರು ಗಮನಿಸದ ಒಂದು ವಿವರ ಹೇಳುತ್ತೇನೆ. ಆ ಕಾರ್ಯಾಚರಣೆಯ ಮೊದಲ ದಿನವೇ ಶತ್ರುವಿನ ಮಾರ್ಟರ್ ದಾಳಿಗೆ ಅವರ ತೊಡೆಗೆ ಗಾಯವಾಗಿತ್ತು. ಜೊತೆಯಲ್ಲಿದ್ದ ಇಬ್ಬರು ಸತ್ತರು. ರಾಣೆ ಆಸ್ಪತ್ರೆಗೆ ಹೋಗದೆ ದಿನಗಟ್ಟಲೆ ಕೆಲಸ ಮುಂದುವರಿಸಿದರು.

ಅವರ ಧೈರ್ಯದ ಬಗ್ಗೆ ಎರಡು ಮಾತಿಲ್ಲ. ಆದರೆ ತೊಡೆಯ ಗಾಯ ಎಂದ ಕೂಡಲೇ ವೈದ್ಯರು ಬೆಚ್ಚುತ್ತಾರೆ. ತೊಡೆಯಲ್ಲಿ ದೊಡ್ಡ ರಕ್ತನಾಳವೊಂದು ಓಡುತ್ತದೆ. ಅದು ಪೂರ್ತಿ ಹರಿದರೆ ಕೆಲವೇ ನಿಮಿಷಗಳಲ್ಲಿ ಮನುಷ್ಯ ತೀರಿಹೋಗಬಹುದು. ದೊಡ್ಡವರ ಮೈಯಲ್ಲಿ ಇರುವುದೇ ಸುಮಾರು 5 ಲೀಟರ್ ರಕ್ತ. ಇರಾಕ್, ಅಫ್ಘಾನಿಸ್ತಾನಗಳ ಯುದ್ಧದಲ್ಲಿ 2001ರಿಂದ 2011ರವರೆಗೆ ಸತ್ತ 4,596 ಅಮೆರಿಕನ್ ಸೈನಿಕರ ಸಾವುಗಳನ್ನು ವೈದ್ಯರು ಒಂದೊಂದಾಗಿ ಪರಿಶೀಲಿಸಿದರು. ಶೇ. 87ರಷ್ಟು ಸಾವುಗಳು ಆಸ್ಪತ್ರೆ ತಲುಪುವ ಮೊದಲೇ ಆಗಿದ್ದವು. ಹಾಗೆ ದಾರಿಯಲ್ಲಿ ಸತ್ತವರಲ್ಲಿ ಸುಮಾರು ಕಾಲುಭಾಗ ಜನ ಬದುಕಬಹುದಾದವರು, ಮತ್ತು ಆ ಬದುಕಬಹುದಾದವರಲ್ಲಿ ಶೇ. 90ಕ್ಕೂ ಹೆಚ್ಚು ಜನ ಸತ್ತದ್ದು ರಕ್ತಸ್ರಾವದಿಂದ.

ಈ ಲೆಕ್ಕವನ್ನು ನಿಧಾನವಾಗಿ ಓದಿದರೆ ಯಾರಿಗಾದರೂ ತಿಳಿಯುತ್ತದೆ: ಅಲ್ಲಿ ಬೇಕಾದವನು ಪ್ರೊಫೆಸರ್ ಸರ್ಜನ್ ಅಲ್ಲ, ಪಕ್ಕದಲ್ಲೇ ಇರುವ ಜೊತೆಗಾರ. ಅವನ ಕೈಯಲ್ಲಿ ಟೂರ್ನಿಕೆಟ್ ಎಂಬ ಪಟ್ಟಿ ಇರಬೇಕು. ಗಾಯದಿಂದ ಎರಡು ಮೂರು ಅಂಗುಲ ಮೇಲೆ, ಕೀಲಿನ ಮೇಲೆ ಬಾರದಂತೆ ಕಟ್ಟಿ, ಅದರ ಕೋಲನ್ನು ರಕ್ತ ನಿಲ್ಲುವವರೆಗೆ ತಿರುಚಬೇಕು. ಗಾಯಾಳು ನೋವಿನಿಂದ ಕೂಗುತ್ತಾನೆ, ಕೂಗಿದನೆಂದು ಸಡಿಲಿಸಬಾರದು. ಕಟ್ಟಿದ ಸಮಯವನ್ನು ಬರೆದಿಡಬೇಕು, ಏಕೆಂದರೆ ಎರಡು ತಾಸಿನೊಳಗೆ ಆಸ್ಪತ್ರೆ ಮುಟ್ಟಿದರೆ ಸಾಮಾನ್ಯವಾಗಿ ಕಾಲಿಗೆ ಅಪಾಯವಿಲ್ಲ. ಟೂರ್ನಿಕೆಟ್ ಕಟ್ಟಿದರೆ ಕಾಲು ಕೊಳೆತೇ ಹೋಗುತ್ತದೆ ಎಂಬ ಹಳೆಯ ಹೆದರಿಕೆ ದಶಕಗಳ ಕಾಲ ಎಷ್ಟೋ ಜನರ ಜೀವ ತೆಗೆದಿದೆ. ಇಂದು ಸೈನಿಕನಿಗೆ ಬಂದೂಕಿನ ಜೊತೆಗೆ ಈ ಪಾಠವನ್ನೂ ಹೇಳಿಕೊಡುತ್ತಾರೆ. ಮರ ಕೊಯ್ಯುವ ಯಂತ್ರ, ಕಳೆ ಕತ್ತರಿಸುವ ಯಂತ್ರ ದಿನಾ ಓಡುವ ನಮ್ಮ ಮಲೆನಾಡಿನಲ್ಲಿ, ಹೆದ್ದಾರಿ 66ರ ಅಂಚಿನ ಊರುಗಳಲ್ಲಿ ಪ್ರತಿ ಹೈಸ್ಕೂಲಿನಲ್ಲೂ ಇದನ್ನು ಕಲಿಸಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಗಾಯಾಳು ಸೈನ್ಯದಲ್ಲಿ ಒಂದೇ ನೆಗೆತಕ್ಕೆ ದೊಡ್ಡ ಆಸ್ಪತ್ರೆ ಮುಟ್ಟುವುದಿಲ್ಲ. ಜೊತೆಗಾರನ ಕೈಯಿಂದ ರೆಜಿಮೆಂಟಿನ ವೈದ್ಯರ ಏಡ್ ಪೋಸ್ಟಿಗೆ, ಅಲ್ಲಿಂದ ಡ್ರೆಸಿಂಗ್ ಸ್ಟೇಷನ್ನಿಗೆ, ಫೀಲ್ಡ್ ಆಸ್ಪತ್ರೆಗೆ, ಕಮಾಂಡ್ ಆಸ್ಪತ್ರೆಗೆ, ತೀರಾ ಕಠಿಣವಾದರೆ ದೆಹಲಿಯ ಆರ್ಮಿ ಆಸ್ಪತ್ರೆಗೆ. ಒಂದೊಂದು ಹಂತವೂ ಮುಂದಿನ ಹಂತ ಮುಟ್ಟುವವರೆಗೆ ಜೀವ ಹಿಡಿದಿಡುವಷ್ಟೇ ಕೆಲಸ ಮಾಡುತ್ತದೆ. ಇದರ ಹಿಂದೆ ಗಟ್ಟಿ ಕಾರಣವಿದೆ. ತುಂಬಾ ರಕ್ತ ಹೋದವನ ಮೈ ತಣ್ಣಗಾಗುತ್ತದೆ, ರಕ್ತದಲ್ಲಿ ಆಮ್ಲ ಏರುತ್ತದೆ, ಹೆಪ್ಪುಗಟ್ಟುವ ಶಕ್ತಿ ಕುಂದುತ್ತದೆ. ಈ ಮೂರೂ ಒಂದನ್ನೊಂದು ಕೆಡಿಸುತ್ತ ಹೋಗುತ್ತವೆ. ಅಂಥವನ ಮೇಲೆ ಐದು ತಾಸಿನ ಪರಿಪೂರ್ಣ ಆಪರೇಷನ್ ಮಾಡಿದರೆ ಆಪರೇಷನ್ ಗೆದ್ದು ಮನುಷ್ಯ ಸೋಲುತ್ತಾನೆ. ಹಾಗಾಗಿ ಮೊದಲು ರಕ್ತ ನಿಲ್ಲಿಸಿ, ಗಾಯ ಮುಚ್ಚಿ, ಮೈ ಬೆಚ್ಚಗೆ ಮಾಡಿ, ರಕ್ತ ಕೊಟ್ಟು, ಒಂದು ದಿನ ಬಿಟ್ಟು ಉಳಿದ ರಿಪೇರಿ. ಈ ರಕ್ತ ಎಲ್ಲಿಂದ ಬರಬೇಕು? ನೂರಿನ್ನೂರು ಜನರ ಹಡಗಿನಲ್ಲಿ ಊರಲ್ಲಿರುವಂಥ ರಕ್ತನಿಧಿ ಎಲ್ಲಿರುತ್ತದೆ! ಅಲ್ಲಿ ಜನವೇ ರಕ್ತನಿಧಿ. ಯಾರ ಗುಂಪು ಯಾವುದೆಂದು ಮೊದಲೇ ಬರೆದಿರುತ್ತದೆ, ಕರೆ ಬಂದರೆ ಹೊಂದುವ ಗುಂಪಿನವರು ಬಂದು ಕೈ ಚಾಚುತ್ತಾರೆ.

ಗುಂಡಿಗಿಂತ ಹಡಗಿನ ಜನರಿಗೆ ಹತ್ತಿರದ ಶತ್ರು ಬೆಂಕಿ, ಹೊಗೆ, ವಿಷಾನಿಲ. ಬೆಂಕಿಯನ್ನೂ ವಿಷಾನಿಲವನ್ನೂ ಕಾರವಾರ ಕಂಡಿದೆ. 2016ರ ಜೂನ್‌ನಲ್ಲಿ ಇಲ್ಲಿ ದುರಸ್ತಿಗೆ ನಿಂತಿದ್ದ ಐಎನ್‌ಎಸ್ ವಿಕ್ರಮಾದಿತ್ಯದ ಕೊಳಚೆ ಸಂಸ್ಕರಣೆಯ ಕೋಣೆಯಲ್ಲಿ ವಿಷಾನಿಲ ಸೋರಿ ಒಬ್ಬ ನಾವಿಕ, ಒಬ್ಬ ಕೆಲಸಗಾರ ತೀರಿಕೊಂಡರು. 2019ರ ಏಪ್ರಿಲ್ 26ರಂದು ಅದೇ ಹಡಗು ಬಂದರು ಪ್ರವೇಶಿಸುತ್ತಿದ್ದಾಗ ಬೆಂಕಿ ಬಿತ್ತು. ನಂದಿಸಲು ಮುಂದಾಗಿ ನಿಂತ ಯುವ ಲೆಫ್ಟಿನೆಂಟ್ ಕಮಾಂಡರ್ ಹೊಗೆಯಲ್ಲಿ ಪ್ರಜ್ಞೆ ತಪ್ಪಿದರು. ಪತಂಜಲಿ ಆಸ್ಪತ್ರೆಗೆ ಒಯ್ದರೂ ಉಳಿಯಲಿಲ್ಲ. ಮದುವೆಯಾಗಿ ಎರಡು ತಿಂಗಳೂ ಆಗಿರಲಿಲ್ಲ.

ಕೊಳಚೆಯಿಂದ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಇದು ಹಡಗಿಗೆ ಮಾತ್ರ ಸೇರಿದ ವಿಷಯವಲ್ಲ. ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ. ಪ್ರಮಾಣ ಏರಿದಾಗ ಮೂಗಿನ ಶಕ್ತಿಯನ್ನೇ ಅದು ಕೊಲ್ಲುತ್ತದೆ. ವಾಸನೆ ಹೋಯಿತು, ಅನಿಲ ಖಾಲಿಯಾಯಿತು ಎಂದುಕೊಂಡು ಒಳಗಿಳಿದವನು ಒಂದೆರಡು ಉಸಿರಿಗೆ ಕುಸಿಯುತ್ತಾನೆ. ಅದು ಜೀವಕೋಶಗಳು ಆಮ್ಲಜನಕ ಬಳಸುವುದನ್ನೇ ತಡೆಯುತ್ತದೆ, ಗಾಳಿ ಎಳೆದುಕೊಂಡರೂ ಮೈಗೆ ದಕ್ಕುವುದಿಲ್ಲ. ಇದಕ್ಕಿಂತ ದೊಡ್ಡ ದುರಂತ ಆಮೇಲೆ ಕಾದಿರುತ್ತದೆ. ಬಿದ್ದವನನ್ನು ಎತ್ತಲು ಇನ್ನೊಬ್ಬ ಇಳಿಯುತ್ತಾನೆ, ಅವನನ್ನು ಎತ್ತಲು ಮತ್ತೊಬ್ಬ. ಮೀನು ಕೊಳೆತ ದೋಣಿಯ ಗೋದಾಮು, ಶೌಚದ ಗುಂಡಿ, ಹಳೆಯ ಬಾವಿ, ಎಲ್ಲ ಕಡೆಯೂ ಜನ ಹೀಗೆಯೇ ಸಾಲಾಗಿ ಸಾಯುತ್ತಾರೆ. ನೌಕಾಪಡೆಯ ನಿಯಮ ನಿಷ್ಠುರವಾಗಿದೆ: ಉಸಿರಾಟದ ಸಾಧನ ಮುಖಕ್ಕಿಲ್ಲದೆ, ಸೊಂಟಕ್ಕೆ ಹಗ್ಗವಿಲ್ಲದೆ ಯಾರನ್ನು ಉಳಿಸಲೂ ಇಳಿಯುವಂತಿಲ್ಲ. ಬೈತಖೋಲ, ತದಡಿ, ಹೊನ್ನಾವರದ ಬಂದರುಗಳಲ್ಲಿ ದುಡಿಯುವ ನಮ್ಮವರಿಗೂ ಈ ನಿಷ್ಠುರತೆ ಬೇಕು.

ಇನ್ನು ಜ್ವರ. ಎರಡನೇ ಮಹಾಯುದ್ಧದ ಬರ್ಮಾ ಗಡಿಯಲ್ಲಿ 1943ರಲ್ಲಿ ಗಾಯಗೊಂಡು ಹಿಂದಕ್ಕೆ ಬಂದ ಒಬ್ಬೊಬ್ಬ ಸೈನಿಕನಿಗೆ ಕಾಯಿಲೆಯಿಂದ ಬಂದವರು 120 ಜನ ಎಂದು ಆ ಸೈನ್ಯದ ದಂಡನಾಯಕನೇ ದಾಖಲಿಸಿದ್ದಾನೆ. ಮಲೇರಿಯಾ, ಭೇದಿ, ಉಣುಗಿನಂಥದೇ ಸಣ್ಣ ಕೀಟದ ಮರಿಯಿಂದ ಹರಡುವ ಸ್ಕ್ರಬ್ ಟೈಫಸ್. ಸೊಳ್ಳೆಯೊಳಗೆ ಮಲೇರಿಯಾದ ಪರಾವಲಂಬಿ ಬೆಳೆಯುತ್ತದೆಂದು 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡುಹಿಡಿದ ರೊನಾಲ್ಡ್ ರಾಸ್ ಸಹ ಸೈನ್ಯದ ವೈದ್ಯನೇ. ಗುಂಡಿಗೆ ಗುರಾಣಿ ಹುಡುಕಿದಷ್ಟೇ ಶ್ರದ್ಧೆಯಿಂದ ಸೈನ್ಯಗಳು ಕೀಟಗಳಿಗೆ ಔಷಧ ಹುಡುಕಿದ್ದು ಈ ಕಾರಣಕ್ಕೆ.

ಆ ಹುಡುಕಾಟದ ಒಂದು ಫಲ ಇವತ್ತು ಸಿದ್ದಾಪುರದ ಕಾಡಂಚಿನ ಮನೆಗಳ ಕಟ್ಟೆಯ ಮೇಲೆ ಕೂತಿದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡ, ಉಣುಗಿನಿಂದ ಹರಡುವ ಮಂಗನ ಕಾಯಿಲೆ ಈಚಿನ ವರ್ಷಗಳಲ್ಲಿ ಸಿದ್ದಾಪುರದ ಕಡೆ ಪ್ರತಿ ಬೇಸಿಗೆಗೂ ಮುನ್ನ ಹೆದರಿಸುತ್ತದೆ. ದರಕು ಗುಡಿಸಲು, ಸೊಪ್ಪು ತರಲು ಬೆಟ್ಟಕ್ಕೆ ಹೋಗುವವರಿಗೆ ಆರೋಗ್ಯ ಇಲಾಖೆ ಡೆಪಾ ಎಣ್ಣೆ ಹಂಚುತ್ತದೆ, ಕೈಕಾಲಿಗೆ ಹಚ್ಚಿಕೊಂಡು ಹೋದರೆ ಉಣುಗು ಹತ್ತುವುದು ಕಡಿಮೆ. ಈ ಡೆಪಾ ಮೂಲತಃ ಗ್ವಾಲಿಯರ್‌ನ ರಕ್ಷಣಾ ಸಂಶೋಧನಾ ಪ್ರಯೋಗಾಲಯದಲ್ಲಿ ತಯಾರಾದದ್ದು. ಕಾಡಿನಲ್ಲಿ ಕಾವಲು ಕೂರುವ ಸೈನಿಕನಿಗೆಂದು ಮಾಡಿದ ಔಷಧ ನಮ್ಮ ಅಡಿಕೆ ತೋಟದ ಹೆಂಗಸರ ಕಾಲಿಗೆ ಬಂದಿದೆ ಎಂಬುದು ನನಗೆ ತುಂಬಾ ಸಂತೋಷ ಕೊಡುವ ಸಂಗತಿ.

ಕಡಲ ಮಟ್ಟದಲ್ಲಿ ಹುಟ್ಟಿದ ನಮ್ಮ ಹುಡುಗರೆಲ್ಲ ನೌಕಾಪಡೆಗೇ ಸೇರುವುದಿಲ್ಲ, ಎಷ್ಟೋ ಜನ ಭೂಸೇನೆಯಲ್ಲಿದ್ದು ಲಡಾಖ್, ಸಿಯಾಚಿನ್ ಕಂಡಿದ್ದಾರೆ. ಸುಮಾರು 18,000 ಅಡಿ ಎತ್ತರದಲ್ಲಿ ಗಾಳಿಯ ಒತ್ತಡ ಇಲ್ಲಿಯದರ ಅರ್ಧ. ಒಂದು ಉಸಿರಿಗೆ ಸಿಗುವ ಆಮ್ಲಜನಕವೂ ಅರ್ಧವೇ. ಆತುರಾತುರವಾಗಿ ಏರಿದವನ ಶ್ವಾಸಕೋಶದಲ್ಲಿ ನೀರು ತುಂಬಬಹುದು, ಮೆದುಳು ಊದಿಕೊಳ್ಳಬಹುದು. ಗಟ್ಟಿಮುಟ್ಟಾದ ಇಪ್ಪತ್ತೆರಡರ ಹುಡುಗನೂ ಇದಕ್ಕೆ ಹೊರತಲ್ಲ, ‘ನನಗೇನಾಗುತ್ತದೆ’ ಎಂದು ಓಡಿ ಹತ್ತುವವನಿಗೇ ಹೆಚ್ಚು ಅಪಾಯ. 1962ರ ಸುಮಾರಿಗೆ ತರಾತುರಿಯಲ್ಲಿ ಎತ್ತರಕ್ಕೆ ಕಳಿಸಿದ ಸೈನಿಕರಲ್ಲಿ ಭಾರತೀಯ ಸೇನಾ ವೈದ್ಯರು ಇದನ್ನು ಹತ್ತಿರದಿಂದ ಕಂಡರು. 1,925 ಸೈನಿಕರನ್ನು ಗಮನಿಸಿ ಇಂದರ್ ಸಿಂಗ್ ಮತ್ತು ಸಂಗಡಿಗರು 1969ರಲ್ಲಿ ಪ್ರಕಟಿಸಿದ ಲೇಖನವನ್ನು ಜಗತ್ತಿನ ವೈದ್ಯರು ಇಂದಿಗೂ ನೆನೆಯುತ್ತಾರೆ. ಈಗ ನಿಯಮ ಸ್ಪಷ್ಟವಾಗಿದೆ: 9,000 ಅಡಿ ದಾಟಿದ ಮೇಲೆ ಮೊದಲ ಹಂತದಲ್ಲಿ 6 ದಿನ, 12,000 ದಾಟಿದರೆ ಮತ್ತೆ 4 ದಿನ, 15,000 ದಾಟಿದರೆ ಇನ್ನೂ 4 ದಿನ ದೇಹವನ್ನು ಪಳಗಿಸಲೇಬೇಕು. ಕಾಯಿಲೆ ಬಂದರೆ ಎಲ್ಲಕ್ಕಿಂತ ದೊಡ್ಡ ಔಷಧ ಕೆಳಗಿಳಿಸುವುದು. ಹಿಮಗಾಳಿಗೆ ಹೆಲಿಕಾಪ್ಟರ್ ಬರಲಾಗದಿದ್ದರೆ ಗಾಳಿ ತುಂಬುವ ದೊಡ್ಡ ಚೀಲದೊಳಗೆ ರೋಗಿಯನ್ನು ಮಲಗಿಸಿ ಒತ್ತಡ ಏರಿಸುತ್ತಾರೆ. ಮನುಷ್ಯನನ್ನು ಇಳಿಸಲಾಗದಾಗ ಗಾಳಿಯನ್ನೇ ಅವನಿದ್ದಲ್ಲಿಗೆ ಇಳಿಸಿದ ಹಾಗೆ.

ನಮ್ಮ ಪಕ್ಕದ ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದರನ್ನು ಯಾರು ಮರೆಯುತ್ತಾರೆ? 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು ಹತ್ತು ಸೈನಿಕರು ಹೂತುಹೋದರು. ಆರನೇ ದಿನ ಹಿಮದಡಿಯಿಂದ ಅವರೊಬ್ಬರನ್ನೇ ಜೀವಂತ ಹೊರತೆಗೆದರು. ದೇಶವೇ ಪ್ರಾರ್ಥಿಸಿತು, ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಆರು ದಿನ ಬದುಕಿದವರು ಆಸ್ಪತ್ರೆಗೆ ಬಂದಮೇಲೆ ಏಕೆ ಉಳಿಯಲಿಲ್ಲ ಎಂದು ಆಗ ಅನೇಕರು ಕೇಳಿದರು. ಚಳಿಯಲ್ಲಿ ದೇಹ ಕೈಕಾಲಿನ ರಕ್ತವನ್ನು ತಡೆದು ಹೃದಯ, ಮೆದುಳುಗಳನ್ನಷ್ಟೇ ಕಾಯುತ್ತದೆ. ಮೈ ಬೆಚ್ಚಗಾಗಿ ರಕ್ತ ಮತ್ತೆ ಹರಿಯತೊಡಗಿದಾಗ ಅಷ್ಟು ದಿನ ತಣ್ಣಗಿದ್ದ ಅಂಗಗಳಲ್ಲಿ ಕೂಡಿದ್ದ ಹಾನಿಕಾರಕ ವಸ್ತುಗಳೆಲ್ಲ ಒಮ್ಮೆಗೇ ಒಳಗೆ ನುಗ್ಗುತ್ತವೆ. ಅವರನ್ನು ತಂದಾಗಲೇ ನ್ಯುಮೋನಿಯಾ ಇತ್ತು, ಮೂತ್ರಪಿಂಡ, ಯಕೃತ್ತುಗಳು ಸೋತಿದ್ದವು. ಬೆಚ್ಚಗೆ ಮಾಡದೆ ವಿಧಿಯಿಲ್ಲ, ಮಾಡಿದರೂ ಅಪಾಯ. ವೈದ್ಯರು ಆ ಇಕ್ಕಟ್ಟನ್ನು ತಿಳಿದೇ ಹೋರಾಡಿದರು.

ಹೊರಗೆ ಕಾಣದ ಗಾಯದ ಮಾತು ಉಳಿದಿದೆ. ಹಡಗಿನಲ್ಲಿ ದಿನವನ್ನು ನಾಲ್ಕು ನಾಲ್ಕು ತಾಸಿನ ಪಾಳಿಗಳಾಗಿ ಒಡೆಯುತ್ತಾರೆ. ಮಧ್ಯರಾತ್ರಿಯಿಂದ ನಾಲ್ಕರವರೆಗೆ ಕಾವಲಿದ್ದವನಿಗೆ ಬೆಳಗಿನ ಕೆಲಸ ತಪ್ಪುವುದಿಲ್ಲ. ನಿದ್ದೆ ತುಂಡು ತುಂಡಾಗುತ್ತದೆ, ಮನೆಯ ಸುದ್ದಿ ವಾರಗಟ್ಟಲೆ ಇಲ್ಲ, ಒಬ್ಬನೇ ಕೂತು ಅಳಲೂ ಜಾಗವಿಲ್ಲ. ಮನಸ್ಸು ಕುಗ್ಗಿದರೆ ಬಾಯಿಬಿಡಲು ಸಂಕೋಚ. ಅದಕ್ಕೊಂದು ಕಾರಣ ‘ಶೇಪ್’ ಎಂಬ ವರ್ಗೀಕರಣ. ಮನಸ್ಸು, ಕಿವಿ, ಕೈಕಾಲು, ದೇಹಶಕ್ತಿ, ಕಣ್ಣು, ಈ ಐದಕ್ಕೂ 1ರಿಂದ 5ರವರೆಗೆ ಅಂಕ ಹಾಕುತ್ತಾರೆ. ಎಲ್ಲದರಲ್ಲೂ 1 ಇದ್ದವನು ಎಲ್ಲಿಗೂ ಹೋಗಬಲ್ಲ. ಅಂಕ 1ನ್ನು ದಾಟಿ ದರ್ಜೆ ಇಳಿದರೆ ‘ಲೋ ಮೆಡಿಕಲ್ ಕೆಟಗರಿ’ ಆಗುತ್ತದೆ, ಬಡ್ತಿಗೆ ತೊಂದರೆ ಎಂಬ ಹೆದರಿಕೆ. ಅನೇಕ ಸಲ ಈ ಇಳಿಕೆ ತಾತ್ಕಾಲಿಕ, ವೈದ್ಯಕೀಯ ಮಂಡಳಿ ಮತ್ತೆ ಪರೀಕ್ಷಿಸಿ ಏರಿಸುತ್ತದೆ. ಮುಚ್ಚಿಟ್ಟದ್ದೇ ಕಷ್ಟಕ್ಕೆ ದಾರಿ. ಒಂದನೇ ಮಹಾಯುದ್ಧದ ಕಾಲದಲ್ಲೇ ವೈದ್ಯರು ಕಲಿತ ಪಾಠವೊಂದಿದೆ: ಮನಸ್ಸು ಜರ್ಜರಿತವಾದ ಸೈನಿಕನನ್ನು ದೂರದ ಆಸ್ಪತ್ರೆಗೆ ಸಾಗಿಸಿದರೆ ಅವನು ತನ್ನನ್ನು ಶಾಶ್ವತ ರೋಗಿ ಎಂದೇ ನಂಬುತ್ತಾನೆ. ತನ್ನವರ ಹತ್ತಿರವೇ, ತಡಮಾಡದೆ, ನೀನು ಸರಿಹೋಗುತ್ತೀಯ ಎಂಬ ಭರವಸೆಯೊಂದಿಗೆ ನಿದ್ದೆ, ಊಟ, ಮಾತು ಕೊಟ್ಟರೆ ಬಹಳ ಮಂದಿ ಚೇತರಿಸಿಕೊಳ್ಳುತ್ತಾರೆ. ಇಲ್ಲೂ ದೂರವೇ ಶತ್ರು.

ಸಮುದ್ರದಲ್ಲಿರುವ ವೈದ್ಯರು ತಮ್ಮ ಹಡಗಿನವರನ್ನು ಮಾತ್ರ ನೋಡುತ್ತಾರೆಂದು ತಿಳಿಯಬೇಡಿ. 2025ರ ಏಪ್ರಿಲ್‌ನಲ್ಲಿ ಒಮಾನಿನ ಪೂರ್ವಕ್ಕೆ ಇರಾನಿನ ಮೀನುಗಾರಿಕಾ ದೋಣಿಯಲ್ಲಿ ಪಾಕಿಸ್ತಾನಿ ಮೀನುಗಾರನೊಬ್ಬನ ಬೆರಳುಗಳು ಜಜ್ಜಿಹೋದವು. ಸಂದೇಶ ಸಿಕ್ಕ ಐಎನ್‌ಎಸ್ ತ್ರಿಕಂಡ್ ದಿಕ್ಕು ತಿರುಗಿಸಿತು. ಅದರ ವೈದ್ಯರು ದೋಣಿಗೆ ಹತ್ತಿ ಮೂರು ತಾಸಿಗೂ ಹೆಚ್ಚು ಕಾಲ ಕೂತು ಬೆರಳು ಹೊಲಿದರು. ಕಾರವಾರದ ಪತಂಜಲಿಯ ಬಾಗಿಲೂ ಒಮ್ಮೆ ನಮಗಾಗಿ ತೆರೆದಿದೆ: 2020ರಲ್ಲಿ ಕೋವಿಡ್ ಬಂದ ಹೊಸತರಲ್ಲಿ ಭಟ್ಕಳದ ಸೋಂಕಿತರನ್ನು ನೋಡಿಕೊಂಡು ಗುಣಪಡಿಸಿ ಕಳಿಸಿದ್ದು ಆ ನೌಕಾ ಆಸ್ಪತ್ರೆಯೇ.

ಸೇವೆಯಲ್ಲಿ ಇರುವಷ್ಟು ದಿನ ಅಗ್ನಿವೀರನಿಗೂ ಸೇನಾ ಆಸ್ಪತ್ರೆಗಳ ಚಿಕಿತ್ಸೆ ಸಿಗುತ್ತದೆ, ಸೇವೆಯ ಕಾರಣಕ್ಕೆ ಅಂಗವೈಕಲ್ಯವಾದರೆ ಅದರ ಪ್ರಮಾಣ ನೋಡಿ 15, 25 ಅಥವಾ 44 ಲಕ್ಷ ರೂಪಾಯಿ ಪರಿಹಾರವೂ ಇದೆ. ನಿವೃತ್ತ ಸೈನಿಕರಿಗೆ 2003ರ ಏಪ್ರಿಲ್ 1ರಿಂದ ಇಸಿಎಚ್‌ಎಸ್ ಎಂಬ ಚಿಕಿತ್ಸಾ ಯೋಜನೆ ನಡೆಯುತ್ತಿದೆ. ಪಾಲಿಕ್ಲಿನಿಕ್‌ನಲ್ಲಿ ತೋರಿಸಿ, ಅಲ್ಲಿಂದ ಚೀಟಿ ಪಡೆದು ಒಪ್ಪಂದದ ಆಸ್ಪತ್ರೆಗೆ ಹೋಗಬೇಕು. ಹಳಿಯಾಳದ, ಯಲ್ಲಾಪುರದ ಮುದುಕ ಸೈನಿಕನಿಗೆ ಆ ಎರಡು ಪ್ರಯಾಣಗಳೇ ಕಾಯಿಲೆಗಿಂತ ಭಾರವಾಗುವುದುಂಟು. ನಾಲ್ಕು ವರ್ಷ ಮುಗಿಸಿ ಮನೆಗೆ ಬರುವ ಅಗ್ನಿವೀರನಿಗೆ ಈ ಯೋಜನೆ ಇಲ್ಲ. ಇದನ್ನು ಹೇಳುವಾಗ ಆ ತಾಯಿಯ ಮುಖ ಸಪ್ಪಗಾಯಿತು. ನನಗೂ ಇದು ಸರಿ ಎನ್ನಿಸಿಲ್ಲ. ಎಂಜಿನ್ ಕೋಣೆಯ ಸದ್ದಿಗೆ ಮಂದವಾದ ಕಿವಿ, ಹಲಗೆಮೆಟ್ಟಿಲಲ್ಲಿ ಜಾರಿ ನೊಂದ ಬೆನ್ನು ನಾಲ್ಕು ವರ್ಷಕ್ಕೆ ಲೆಕ್ಕ ಮುಗಿಸುವುದಿಲ್ಲ. ಹಾಗಾಗಿ ಸಣ್ಣ ಪೆಟ್ಟನ್ನೂ ಸಿಕ್ ಬೇಯಲ್ಲಿ ಬರೆಸಿ, ಕಾಗದ ಜೋಪಾನ ಮಾಡಲು ಮಗನಿಗೆ ಹೇಳಿ ಎಂದೆ.

ಅವರು ತಲೆಯಾಡಿಸಿದರು. ಆಮೇಲೆ ಅವರ ಮನಸ್ಸು ಬೇರೆಲ್ಲೋ ಹೋಗಿತ್ತು. ರಕ್ತದ ಮಾತು ಹೇಳಿದ್ದೆನಲ್ಲ, ಹಡಗಿನಲ್ಲಿ ಹುಡುಗರೇ ಹುಡುಗರಿಗೆ ಕೊಡುತ್ತಾರೆಂದು. ಮಗನ ರಕ್ತದ ಗುಂಪು ಯಾವುದೆಂದು ಅವರಿಗೆ ಗೊತ್ತಿರಲಿಲ್ಲ. ಹಡಗು ಮರಳಿದ ಮೇಲೆ ಬಂದ ಮೊದಲ ಫೋನಿನಲ್ಲಿ, ಊಟ ಆಯ್ತಾ ಎಂದು ಕೇಳುವುದಕ್ಕೂ ಮೊದಲು ಅದನ್ನೇ ಕೇಳಿದರಂತೆ. ಈಗ ಅಡುಗೆಮನೆಯ ಕ್ಯಾಲೆಂಡರಿನ ಮೇಲೆ, ಹಾಲಿನ ಲೆಕ್ಕದ ಪಕ್ಕದಲ್ಲಿ, ಪೆನ್ಸಿಲಿನಲ್ಲಿ ‘ಬಿ ಪಾಸಿಟಿವ್’ ಎಂದು ಬರೆದಿದೆ.